ಸಾಹುಕಾರರ ಸಣ್ಣ ಕಾರು: ಕುಣಿಗಲ್ ಕುದುರೆಯೋ, ಹಳ್ಳಿಕಾರ್ ಎತ್ತೋ?

ಬಿ.ಎಚ್. ರಸ್ತೆಯಲ್ಲಿ ಗುಬ್ಬಿ ಬಸ್ಸಿಗೆ ಕಾದು ನಿಂತವರಿಗೆ ಈಚೆಗೊಂದು ಹೊಸ ಕಾಲಕ್ಷೇಪ. ಮೂತಿಯ ಮೇಲೆ ನಾಲ್ಕು ಬಳೆ, ಇಲ್ಲವೇ ಮೂರು ಮೊನೆಯ ನಕ್ಷತ್ರ, ಇಲ್ಲವೇ ನೀಲಿ-ಬಿಳಿ ಬಿಲ್ಲೆ ಹೊತ್ತ ತಗ್ಗು ಕಾರೊಂದು ಆಟೋಗಳ ನಡುವೆ ನುಸುಳಿಕೊಂಡು ಹೋಗುತ್ತದೆ. ನಿಂತವರು ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ಎಷ್ಟಾಗುತ್ತೆ?" ಎರಡನೆಯದು, "ಎಷ್ಟು ಕೊಡುತ್ತೆ?" ಬಸ್ಸು ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಬಸ್ಸಿಗೆ ಕಾದವರು ಕೇಳದಿದ್ದರೆ ನಷ್ಟವೇನಿಲ್ಲ. ಆದರೆ ಕಾರು ಕೊಳ್ಳುವವರೂ ಕೇಳುವುದಿಲ್ಲ ಎಂಬುದೇ ಸೋಜಿಗ. ಒಳಗೆ ಯಾವ ಇಂಜಿನ್ ಇದೆ?

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗಿ ನೋಡಿದರೆ, ಹಳ್ಳಿಕಾರ್ ಜೋಡಿಯ ಹಲ್ಲು ಎಣಿಸದೆ, ಸುಳಿ ನೋಡದೆ, ನಾಲ್ಕು ಹೆಜ್ಜೆ ನಡೆಸದೆ ಯಾವ ರೈತನೂ ದುಡ್ಡು ಬಿಚ್ಚುವುದಿಲ್ಲ. ಅದೇ ಮನೆಯ ಮಗ ಎತ್ತಿನ ಹತ್ತರಷ್ಟು ಬೆಲೆಯ ಹಳೇ ವಿದೇಶಿ ಹೆಸರಿನ ಕಾರನ್ನು ಮೂತಿಯ ಬಿಲ್ಲೆ ನೋಡಿ ಒಪ್ಪಿಕೊಂಡು ಬರುತ್ತಾನೆ. ಆಮೇಲೆ ಗ್ಯಾರೇಜಿನ ಬಿಲ್ಲು ಬಂದಾಗ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಕಾರು ಸಣ್ಣದು, ಕಾಸು ದೊಡ್ಡದು

ಕಂಪನಿಯವರು ಈ ಜಾತಿಗೆ ಇಟ್ಟ ಹೆಸರು ಕಾಂಪ್ಯಾಕ್ಟ್ ಲಕ್ಷುರಿ ಸೆಡಾನ್. ಡಿಕ್ಕಿಯುಳ್ಳದ್ದು, ತಗ್ಗಾದದ್ದು, ಸ್ವಲ್ಪ ಓಟದ ಗೀಳಿನದು. ನಮ್ಮ ದೇಶದ ಪೇಟೆಗೆ ಬಂದವುಗಳ ಪೈಕಿ ಮುಖ್ಯವಾದವು ನಾಲ್ಕು. 2014ರಲ್ಲಿ ಆಡಿ ಎ3, 2015ರಲ್ಲಿ ಮರ್ಸಿಡಿಸ್ ಸಿಎಲ್ಎ, 2020ರಲ್ಲಿ ಬಿಎಂಡಬ್ಲ್ಯು 2 ಸೀರೀಸ್ ಗ್ರಾನ್ ಕೂಪೆ, 2021ರಲ್ಲಿ ಮರ್ಸಿಡಿಸ್ ಎ-ಕ್ಲಾಸ್ ಲಿಮೊಸಿನ್. ಲಿಮೊಸಿನ್ ಎಂಬ ಹೆಸರು ಕೇಳಿ ಮದುವೆ ಮೆರವಣಿಗೆಯ ಉದ್ದದ ಗಾಡಿ ಎಂದು ತಿಳಿಯಬೇಕಾಗಿಲ್ಲ. ಅದರ ಉದ್ದ 4549 ಮಿಲಿಮೀಟರ್. 2020ರಲ್ಲಿ ಬಂದ ಹೋಂಡಾ ಸಿಟಿಯ ಉದ್ದವೂ 4549 ಮಿಲಿಮೀಟರೇ! ಒಂದು ಕೂದಲಿನ ವ್ಯತ್ಯಾಸವಿಲ್ಲ. ಬೆಲೆ ಮಾತ್ರ ಮೂರು ಪಟ್ಟು.

ಬೆಲೆಯ ಮೇಲೆ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಆಜೀವ ತೆರಿಗೆ ನೂರಕ್ಕೆ 18, ಸೆಸ್ ಬೇರೆ. 40 ಲಕ್ಷದ ಕಾರಿಗೆ 7 ಲಕ್ಷದ 20 ಸಾವಿರ ಸೆಸ್ ಸೇರದೆಯೇ ಆಯಿತು. ಇನ್ನೊಬ್ಬರು ಆ ತೆರಿಗೆ ಹಣದಲ್ಲೇ ಒಂದು ಹೊಸ ಸಣ್ಣ ಕಾರು ಕೊಂಡು ಮನೆ ಮುಂದೆ ನಿಲ್ಲಿಸಬಹುದು. ಹೀಗಾಗಿ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಅಂಗಡಿಯವರಿಗೆ ಈ ಕಾರುಗಳು ಕೈಗೆಟುಕುವುದು ಹೆಚ್ಚಾಗಿ ಎರಡನೇ ಕೈಯಲ್ಲಿ, ಬೆಂಗಳೂರಿನವರು ಐದಾರು ವರ್ಷ ಓಡಿಸಿ ಬೇಸತ್ತ ಮೇಲೆ. ಇಂಜಿನ್ನಿನ ಪ್ರಶ್ನೆ ಕೊರಳಿಗೆ ಬರುವುದೂ ಆಗಲೇ.

ಆನೆಯ ಮೈಗೆ ಆಡಿನ ಎದೆ

ಹಿಂದೆ ಈ ಚಿಂತೆ ಇರಲಿಲ್ಲ, ಏಕೆಂದರೆ ಆಯ್ಕೆಯೇ ಇರಲಿಲ್ಲ. ಅಂಬಾಸಡರ್ ಎಂದರೆ 1489 ಸಿಸಿ ಪೆಟ್ರೋಲ್, ಪದ್ಮಿನಿ ಎಂದರೆ 1089 ಸಿಸಿ ಪೆಟ್ರೋಲ್. ಅಂಬಾಸಡರ್‌ಗೆ ಡೀಸೆಲ್ ಇಂಜಿನ್ ಬಂದದ್ದು 1980ರ ಹೊತ್ತಿಗೆ. ಬಂದದ್ದೇ ತಡ ಟ್ಯಾಕ್ಸಿಯವರು ಅದರ ಹಿಂದೆ ಬಿದ್ದರು. ಸದ್ದು ರೈಸ್‌ಮಿಲ್ಲಿನಂತೆ, ಆದರೆ ಖರ್ಚು ಕಡಿಮೆ.

ಅನುಕೂಲಸ್ಥರಿಗೆಂದು 1984ರಲ್ಲಿ ಕಾಂಟೆಸ್ಸಾ ಬಂತು. ನೋಡಲು ಭರ್ಜರಿ, ಕೂರಲು ದಿವಾನಖಾನೆ. ಬಾನೆಟ್ ಎತ್ತಿದರೆ ಒಳಗೆ ಅದೇ ಅಂಬಾಸಡರ್‌ನ 1489 ಸಿಸಿ, 50 ಅಶ್ವಶಕ್ತಿ! ಅಷ್ಟು ದೊಡ್ಡ ಮೈಗೆ ಅಷ್ಟು ಸಣ್ಣ ಎದೆ. ಮುಂದೆ ಇಸುಜು ಕಂಪನಿಯ 1817 ಸಿಸಿ ಇಂಜಿನ್ ಹಾಕಿದ ಮೇಲೆಯೇ, ಸುಮಾರು 88 ಅಶ್ವಶಕ್ತಿ ಬಂದು, ಆ ಕಾರು ಹೆಸರಿಗೆ ತಕ್ಕಂತೆ ಓಡಿತು. 1985ರಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಇಂಗ್ಲೆಂಡಿನ ರೋವರ್ ಕಾರಿನ ಸೊಗಸಾದ ಮೈಯನ್ನು ತಂದು, ಒಳಗೆ ಹಳೇ ಕಾಲದ 1991 ಸಿಸಿ ಇಂಜಿನ್ ಕೂರಿಸಿ ಸ್ಟ್ಯಾಂಡರ್ಡ್ 2000 ಎಂದು ಮಾರಿತು. 1988ಕ್ಕೆ ಅದರ ಕಥೆ ಮುಗಿಯಿತು. ಅದೇ 1985ರ ಪ್ರೀಮಿಯರ್ 118 ಎನ್ಇ ಮೈ ಇಟಲಿಯದು, ಎದೆ ಜಪಾನಿನ ನಿಸಾನ್‌ದು, 1171 ಸಿಸಿ. ಆಡಂಬರವಿಲ್ಲದ ಆ ಗಾಡಿಯೇ ಮೂರರಲ್ಲಿ ಹೆಚ್ಚು ಮರ್ಯಾದೆ ಉಳಿಸಿಕೊಂಡಿತು ಎನ್ನಬೇಕು.

2003ರಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಕೊರೊಲ್ಲಾ ಹೊರಬಂದಾಗ ಮೈ, ಎದೆ ಎರಡೂ ಒಂದೇ ಮನೆಯವು. 1794 ಸಿಸಿ ಪೆಟ್ರೋಲ್, 125 ಅಶ್ವಶಕ್ತಿ. ಕುಣಿಗಲ್ಲಿನ ಪಕ್ಕದ ಸೀಮೆಯಲ್ಲಿ ಹುಟ್ಟಿದ ಈ ಕಾರನ್ನು ಐಷಾರಾಮಿ ಎಂದು ಪೇಟೆ ಒಪ್ಪಲಿಲ್ಲ, ಕೆಡದ ಕಾರು ಎಂದು ಒಪ್ಪಿತು. ಎರಡನೆಯ ಬಿರುದೇ ದೊಡ್ಡದು ಎಂಬುದು ಹಳೇ ಕೊರೊಲ್ಲಾ ಇಟ್ಟುಕೊಂಡವರಿಗೆ ಗೊತ್ತು.

ಕುದುರೆಯ ಲೆಕ್ಕ, ಎತ್ತಿನ ಲೆಕ್ಕ

ಅಶ್ವಶಕ್ತಿಯ ಮಾತು ಬಂದ ಮೇಲೆ ಕುಣಿಗಲ್ಲನ್ನು ಬಿಟ್ಟು ಮಾತಾಡುವಂತಿಲ್ಲ. ಹೈದರ್-ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ಅದು. ಗಣಿಯಲ್ಲಿ ಕುದುರೆಗೆ ಬದಲು ಉಗಿಯಂತ್ರ ಮಾರಬೇಕಾಗಿದ್ದ ಜೇಮ್ಸ್ ವಾಟ್, "ನನ್ನ ಯಂತ್ರ ಇಷ್ಟು ಕುದುರೆಗೆ ಸಮ" ಎಂದು ಹೇಳಲು ಈ ಲೆಕ್ಕ ಕಟ್ಟಿದ. ಒಂದು ಅಶ್ವಶಕ್ತಿ ಎಂದರೆ 746 ವಾಟ್. ಅದು ದಿನವಿಡೀ ದುಡಿಯುವ ಕುದುರೆಯ ಲೆಕ್ಕ. ಕುಣಿಗಲ್ ಫಾರಂನ ಜೂಜಿನ ಕುದುರೆ ಒಮ್ಮೆ ಕಾಲು ಕಿತ್ತರೆ ಒಂದೆರಡು ಕ್ಷಣ ಹತ್ತಕ್ಕೂ ಮಿಕ್ಕಿದ ಅಶ್ವಶಕ್ತಿ ತೋರಬಲ್ಲುದು. ಆದರೆ ಕ್ಷಣ ಮಾತ್ರ.

ಹಳ್ಳಿಕಾರ್ ಎತ್ತಿನ ಗುಣ ಬೇರೆ. ಟಿಪ್ಪುವಿನ ಫಿರಂಗಿ ಎಳೆದ ಅಮೃತಮಹಲ್ ತಳಿಯ ನೆಂಟಸ್ತಿಕೆ ಅದಕ್ಕಿದೆ. ನಿಂತ ನೆಲದಿಂದಲೇ ಭಾರ ಎಳೆಯುವ ಶಕ್ತಿ. ಇಂಜಿನ್ನಿನಲ್ಲಿ ಈ ಎಳೆತಕ್ಕೆ ಟಾರ್ಕ್ ಎನ್ನುತ್ತಾರೆ, ನ್ಯೂಟನ್ ಮೀಟರಿನಲ್ಲಿ ಅಳೆಯುತ್ತಾರೆ. ಇಷ್ಟು ತಿಳಿದರೆ ಶೋರೂಂನ ಹುಡುಗ ಹೇಳುವ ಇಂಗ್ಲಿಷಿನ ಮುಕ್ಕಾಲು ಪಾಲು ತಿಳಿದಂತೆ.

ಉದಾಹರಣೆಗೆ 2 ಸೀರೀಸ್ ಗ್ರಾನ್ ಕೂಪೆ. 2020ರ ಅಕ್ಟೋಬರಿನಲ್ಲಿ ಬಂದ 220ಡಿ ಡೀಸೆಲ್ಲಿಗೆ 1995 ಸಿಸಿ, 190 ಅಶ್ವಶಕ್ತಿ. 2021ರಲ್ಲಿ ಬಂದ 220ಐ ಪೆಟ್ರೋಲಿಗೆ 1998 ಸಿಸಿ, ಅಲ್ಲೂ 190 ಅಶ್ವಶಕ್ತಿಯೇ. ಹಾಗಾದರೆ ಎರಡೂ ಒಂದೇನಾ? ಅಲ್ಲ. ಡೀಸೆಲ್ಲಿನ ಎಳೆತ 400 ನ್ಯೂಟನ್ ಮೀಟರ್, ಪೆಟ್ರೋಲಿನದು 280. ಡೀಸೆಲ್ 1750 ಸುತ್ತಿಗೇ ಪೂರ್ತಿ ಎಳೆತ ಕೊಡುತ್ತದೆ. ಐದು ಜನ ಕೂತು, ಡಿಕ್ಕಿ ತುಂಬಿ, ಕುಣಿಗಲ್ಲಿನಿಂದ ಹಾಸನ ದಾಟಿ ಶಿರಾಡಿ ಘಾಟಿ ಇಳಿದು ಮತ್ತೆ ಹತ್ತುವವರಿಗೆ ಆ ಎಳೆತದ ಬೆಲೆ ಗೊತ್ತಾಗುತ್ತದೆ. ಪೆಟ್ರೋಲಿನ ಸುಖ ಬೇರೆ. ನಿಶ್ಶಬ್ದ, ನಡುಕವಿಲ್ಲ, ಕಾಲೊತ್ತಿದರೆ ಹಗುರಾಗಿ ಏರುತ್ತದೆ. ಗಂಟೆಗೆ 100 ಕಿಲೋಮೀಟರ್ ಮುಟ್ಟಲು ಎರಡಕ್ಕೂ ಏಳು, ಏಳೂವರೆ ಸೆಕೆಂಡ್. ಬಟವಾಡಿಯಿಂದ ಟೌನ್‌ಹಾಲ್ ಸರ್ಕಲ್‌ವರೆಗೆ ಸಾಯಂಕಾಲ ಆರು ಗಂಟೆಗೆ ಬರುವವರಿಗೆ ಈ ಲೆಕ್ಕದಿಂದ ಏನು ಪ್ರಯೋಜನ ಎಂಬುದು ಬೇರೆ ಮಾತು. (ಅಂದಹಾಗೆ, ಹಿಂದಿನ ಚಕ್ರ ನೂಕುವ ಕಾರೇ ಕಾರು ಎಂದು ದಶಕಗಳ ಕಾಲ ಬೀಗುತ್ತಿದ್ದ ಕಂಪನಿ ಈ ಸಣ್ಣ ಕಾರಿನಲ್ಲಿ ಎತ್ತಿನ ಗಾಡಿಯ ಹಾಗೆ ಮುಂದಿನಿಂದಲೇ ಎಳೆಸಿತು.)

ಎ-ಕ್ಲಾಸ್ ಲಿಮೊಸಿನ್‌ನದು ಇನ್ನೂ ರುಚಿಕಟ್ಟಾದ ಕಥೆ. ಎ200 ಪೆಟ್ರೋಲ್ 1332 ಸಿಸಿ, 163 ಅಶ್ವಶಕ್ತಿ, 250 ನ್ಯೂಟನ್ ಮೀಟರ್. ಎ200ಡಿ ಡೀಸೆಲ್ 1950 ಸಿಸಿ, 150 ಅಶ್ವಶಕ್ತಿ, 320 ನ್ಯೂಟನ್ ಮೀಟರ್. ಆ ಪುಟ್ಟ ಪೆಟ್ರೋಲ್ ಇಂಜಿನ್ನನ್ನು ಮರ್ಸಿಡಿಸ್ ಒಂಟಿಯಾಗಿ ಮಾಡಿದ್ದಲ್ಲ, ರೆನೋ-ನಿಸಾನ್ ಜತೆ ಕೂಡಿ ಮಾಡಿದ್ದು. ಅದರ ಒಡಹುಟ್ಟಿದ 1.3 ಲೀಟರ್ ಇಂಜಿನ್ 2020ರಲ್ಲಿ ರೆನೋ ಡಸ್ಟರ್‌ನಲ್ಲಿ 14 ಲಕ್ಷದೊಳಗೆ ಸಿಗುತ್ತಿತ್ತು! ನಕ್ಷತ್ರದ ಮೂತಿಯ ಹಿಂದೆ ಕುಳಿತವರು 2021ರಲ್ಲಿ 39 ಲಕ್ಷದ 90 ಸಾವಿರ ಕೊಟ್ಟರು. ಇದರಲ್ಲಿ ಮೋಸವೇನಿಲ್ಲ. ಗೇರ್‌ಬಾಕ್ಸ್, ಸಸ್ಪೆನ್ಷನ್, ಒಳಗಿನ ನಿಶ್ಶಬ್ದ ಎಲ್ಲಕ್ಕೂ ದುಡ್ಡು ಬಿದ್ದಿರುತ್ತದೆ. ಆದರೆ ಇಂಜಿನ್ನಿಗೇ ಅಷ್ಟು ಕೊಟ್ಟೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಓಟದ ಹುಚ್ಚಿದ್ದವರಿಗೆ ಅದೇ ಮನೆಯ ಎಎಂಜಿ ಎ35 ಇತ್ತು. 306 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಎಳೆತ, 56 ಲಕ್ಷದ ಮೇಲೆ ಬೆಲೆ.

ಆಡಿ ಎ3 ಕಥೆಯೂ ಇದರಂತೆಯೇ. 2014ರಲ್ಲಿ 1968 ಸಿಸಿ ಡೀಸೆಲ್, 143 ಅಶ್ವಶಕ್ತಿ, 320 ನ್ಯೂಟನ್ ಮೀಟರ್. ಜತೆಗೆ 1.8 ಲೀಟರ್ ಪೆಟ್ರೋಲ್, 180 ಅಶ್ವಶಕ್ತಿ. 2017ರಲ್ಲಿ 1.8 ಹೋಗಿ 1.4 ಲೀಟರ್ ಬಂತು, 150 ಅಶ್ವಶಕ್ತಿ. ಭಾರ ಕಡಿಮೆ ಇದ್ದಾಗ ನಾಲ್ಕರಲ್ಲಿ ಎರಡು ಸಿಲಿಂಡರನ್ನು ಮಲಗಿಸುವ ಜಾಣತನ ಅದಕ್ಕಿತ್ತು. ಈ ಎ3ರ ತಳಪಾಯ, ಮೊದಲಿನ ಎರಡು ಇಂಜಿನ್ನು ಎರಡೂ 2013ರ ಸ್ಕೋಡಾ ಆಕ್ಟೇವಿಯಾದಲ್ಲೂ ಇದ್ದವು. ಎ3ರ ಡಿಕ್ಕಿ 425 ಲೀಟರ್, ಆಕ್ಟೇವಿಯಾದ್ದು 590. ಹೆಸರಿಗಿಂತ ಇಂಜಿನ್ ನೋಡಿ ಕೊಂಡವರು ಆಕ್ಟೇವಿಯಾ ತಂದು, ಉಳಿದ ದುಡ್ಡಿನಲ್ಲಿ ಬೋರ್‌ವೆಲ್ ಕೊರೆಸಬಹುದಿತ್ತು.

ಗುಬ್ಬಿಯ ಅಂಗಡಿ, ಬೆಂಗಳೂರಿನ ಆಫೀಸು

ಹಾಗಾದರೆ ಯಾವುದು ಕೊಳ್ಳಬೇಕು? ದಿನಾ ಎಷ್ಟು ದೂರ, ಎಂಥ ರಸ್ತೆ ಎಂಬುದರ ಮೇಲೆ ಅದು ನಿಂತಿದೆ.

ತುಮಕೂರಿನಿಂದ ದಿನಾ ಬೆಂಗಳೂರಿಗೆ ಹೋಗಿ ಬರುವವರೊಬ್ಬರು ಎಂದಿಟ್ಟುಕೊಳ್ಳಿ. ಹೋಗಿ ಬರಲು 140 ಕಿಲೋಮೀಟರ್, ತಿಂಗಳಿಗೆ 25 ದಿನ, ಒಟ್ಟು 3500. ಪೆಟ್ರೋಲ್ ಕಾರು ಲೀಟರಿಗೆ 12, ಡೀಸೆಲ್ ಕಾರು 16 ಕೊಟ್ಟಿತು ಎಂದುಕೊಂಡು, 2025ರ ದರದಂತೆ ಪೆಟ್ರೋಲಿಗೆ ಸುಮಾರು 103, ಡೀಸೆಲ್ಲಿಗೆ 91 ರೂಪಾಯಿ ಹಿಡಿದರೆ, ಕಿಲೋಮೀಟರಿಗೆ ಎಂಟೂವರೆ ರೂಪಾಯಿ ಒಂದು ಕಡೆ, ಐದೂಮುಕ್ಕಾಲು ಒಳಗೆ ಇನ್ನೊಂದು ಕಡೆ. ತಿಂಗಳಿಗೆ 10,000 ರೂಪಾಯಿ ಉಳಿತಾಯ. ಇವರಿಗೆ ಡೀಸೆಲ್ ಸರಿ.

ಇನ್ನೊಬ್ಬರ ಮನೆ ತುಮಕೂರಿನ ಎಸ್.ಎಸ್. ಪುರಂನಲ್ಲಿ, ಅಂಗಡಿ ಗುಬ್ಬಿಯಲ್ಲಿ. ದಿನಕ್ಕೆ 40 ಕಿಲೋಮೀಟರ್, ತಿಂಗಳಿಗೆ 1000. ಉಳಿತಾಯ 2900 ರೂಪಾಯಿ. ಅದೂ ಬಂತಲ್ಲ, ಬಿಡೋದ್ಯಾಕೆ ಎಂದು ಡೀಸೆಲ್ಲಿಗೆ ಕೈ ಹಾಕಿದರೆ ಅಲ್ಲಿದೆ ಕಷ್ಟ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಡೀಸೆಲ್ ಕಾರಿನ ಹೊಗೆಯಲ್ಲಿ ಸಾರಜನಕದ ಆಕ್ಸೈಡ್ ಕಿಲೋಮೀಟರಿಗೆ 250 ಮಿಲಿಗ್ರಾಂ ಇರಬಹುದಾಗಿದ್ದದ್ದು 80ಕ್ಕೆ ಇಳಿಯಿತು. ಮಸಿ ಹಿಡಿಯಲು ಸೈಲೆನ್ಸರ್ ದಾರಿಯಲ್ಲಿ ಒಂದು ಜರಡಿ ಬಂತು, ಗ್ಯಾರೇಜಿನವರು ಡಿಪಿಎಫ್ ಎನ್ನುವುದು ಇದನ್ನೇ. ಅದಕ್ಕೂ ಮುಂಚಿನ ಕೆಲವು ಕಾರುಗಳಲ್ಲೂ ಇತ್ತು. ಜರಡಿ ತುಂಬಿದಾಗ ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಕಾವು ಬೇಕು. ಆ ಕಾವು ಬರಬೇಕಾದರೆ ಹೆದ್ದಾರಿಯಲ್ಲಿ ನಿಲ್ಲದೆ ಹದಿನೈದು-ಇಪ್ಪತ್ತು ನಿಮಿಷ ಓಡಬೇಕು. ಮಂಡಿಪೇಟೆ, ಹೊರಪೇಟೆ, ಅಶೋಕ ರಸ್ತೆಯಲ್ಲೇ ಸುತ್ತುವ ಕಾರಿಗೆ, ಗುಬ್ಬಿವರೆಗೆ ಹೋಗಿ ಇಂಜಿನ್ ಕಾಯುವಷ್ಟರಲ್ಲಿ ನಿಲ್ಲುವ ಕಾರಿಗೆ ಆ ಯೋಗವೆಲ್ಲಿ? ಮಸಿ ಗಟ್ಟಿಯಾಗುತ್ತದೆ, ಹಳದಿ ದೀಪ ಹತ್ತುತ್ತದೆ, ಗಾಡಿ ಸೋಲುತ್ತದೆ. ಜರಡಿ ಬದಲಿಸುವ ಖರ್ಚು ಈ ದರ್ಜೆಯ ಕಾರಿಗೆ ಲಕ್ಷ ದಾಟುವುದು ಅಪರೂಪವಲ್ಲ. ಮೂರು ವರ್ಷದ 2900 ಒಂದೇ ಸಲಕ್ಕೆ ಹೋಯಿತು. ಜರಡಿಯನ್ನೇ ಕತ್ತರಿಸಿ ಬಿಸಾಕುವ ಉಪಾಯ ಹೇಳಿಕೊಡುವವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ, ಹಿಂದೆ ಬರುವ ಸ್ಕೂಟರಿನವರ ಎದೆಗೂ ವಿರುದ್ಧ.

ಜತೆಗೆ ಯೂರಿಯಾ. ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹಲವಕ್ಕೆ ನೂರಕ್ಕೆ 32.5 ಪಾಲು ಯೂರಿಯಾ ಕರಗಿಸಿದ ಶುದ್ಧ ದ್ರಾವಣ ಬೇರೆ ಟ್ಯಾಂಕಿಗೆ ಹಾಕಬೇಕು. "ಯೂರಿಯಾ ತಾನೇ, ತೋಟದ ಮನೆಯಲ್ಲಿ ಮೂಟೆ ಇದೆ" ಎಂದು ಅಡಿಕೆ ತೋಟದವರು ಆತುರಪಡಬಾರದು. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸಿರುತ್ತದೆ. ಅದು ಗಿಡಕ್ಕೆ ಒಳ್ಳೆಯದು, ಇಂಜೆಕ್ಟರಿಗೆ ವಿಷ.

ಪೆಟ್ರೋಲಿನವರೂ ನಿಶ್ಚಿಂತರಲ್ಲ. 2025ರಲ್ಲಿ ದೇಶದ ಬಂಕುಗಳಲ್ಲೆಲ್ಲ ನೂರಕ್ಕೆ 20 ಎಥನಾಲ್ ಬೆರೆತ ಪೆಟ್ರೋಲ್ ಬಂತು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಾವು ಕಡಿಮೆ. ಲೆಕ್ಕ ಹಾಕಿದರೆ ಲೀಟರಿನಲ್ಲಿ ನೂರಕ್ಕೆ ಆರೇಳು ಪಾಲು ಶಕ್ತಿ ಕಡಿಮೆಯಾದಂತೆ. 2014ರ, 2015ರ ಕಾರು ತಂದವರು ಟ್ಯಾಂಕಿನ ಮುಚ್ಚಳದ ಹಿಂದೆ ಎಷ್ಟು ಎಥನಾಲ್ ತಡೆಯುತ್ತದೆಂದು ಬರೆದಿದೆ, ಅದನ್ನು ಓದಬೇಕು. ಬಹಳ ಜನ ಆ ಮುಚ್ಚಳವನ್ನು ನೋಡಿಯೇ ಇರುವುದಿಲ್ಲ, ಬಂಕಿನ ಹುಡುಗ ನೋಡಿರುತ್ತಾನೆ.

ಗೇರಿನ ವಿಷಯವೂ ಹೀಗೆಯೇ. ಎ3 ಪೆಟ್ರೋಲಿನಲ್ಲಿ ಏಳು ಗೇರಿನ ಜೋಡಿ ಕ್ಲಚ್, ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚು. ಡೀಸೆಲ್ಲಿನಲ್ಲಿ ಆರು ಗೇರು, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚು. ಒಣ ಕ್ಲಚ್ಚು ಹೆದ್ದಾರಿಯಲ್ಲಿ ಬೆಣ್ಣೆ, ಟ್ರಾಫಿಕ್ಕಿನಲ್ಲಿ ತೆವಳಿಸಿದರೆ ಬಿಸಿ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಆರು ವರ್ಷ ತೆವಳಿದ ಕಾರಿನ ಕ್ಲಚ್ಚಿನ ಸ್ಥಿತಿಯನ್ನು ಕಿಲೋಮೀಟರ್ ಮೀಟರು ಹೇಳುವುದಿಲ್ಲ.

ದಿಲ್ಲಿಯಿಂದ ಬಂದ ಅಗ್ಗದ ನೆಂಟ

ಅಗ್ಗಕ್ಕೆ ಸಿಗುವ ಡೀಸೆಲ್ ಕಾರುಗಳಲ್ಲಿ ದಿಲ್ಲಿ ಕಡೆಯವೂ ಇರುತ್ತವೆ. ಅಲ್ಲಿ ಹತ್ತು ವರ್ಷ ತುಂಬಿದ ಡೀಸೆಲ್, ಹದಿನೈದು ತುಂಬಿದ ಪೆಟ್ರೋಲ್ ಗಾಡಿ ಓಡಿಸುವಂತಿಲ್ಲ ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರ ಆಗಸ್ಟಿನಲ್ಲಿ ಕೋರ್ಟು ಸ್ವಲ್ಪ ಸಡಿಲಿಸಿತಾದರೂ, ನಡುವಿನ ವರ್ಷಗಳಲ್ಲಿ ಅಲ್ಲಿಯ ಕಾರುಗಳು ದಕ್ಷಿಣದ ದಾರಿ ಹಿಡಿದವು. ಬೆಲೆ ನೋಡಿದರೆ ಬಾಯಲ್ಲಿ ನೀರು. ಆದರೆ ಅಲ್ಲಿಯ ಆರ್‌ಟಿಓ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಕಾರಿನ ವಯಸ್ಸಿಗೆ ತಕ್ಕ ಆಜೀವ ತೆರಿಗೆ ಮತ್ತೆ ಕಟ್ಟಬೇಕು. ಕೆಎ-06 ನಂಬರು ಬೀಳುವ ಹೊತ್ತಿಗೆ ಅಗ್ಗ ಎಂಬ ಮಾತು ಅರ್ಧ ಕರಗಿರುತ್ತದೆ.

ಗಾಜಿನ ಸೂರು, ಗುಡ್ಡದಂಥ ಹಂಪು

ಒಳಗಿನ ಸೌಕರ್ಯಗಳಿಗೇನೂ ಕೊರತೆಯಿಲ್ಲ. ಬಿಚ್ಚುವ ಗಾಜಿನ ಸೂರು, ಮಾತಾಡಿದರೆ ಉತ್ತರ ಕೊಡುವ ಪರದೆ, ಬಣ್ಣ ಬದಲಿಸುವ ದೀಪ. ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದು ಕುರುಕ್ಷೇತ್ರ ಆಡಿಸಿದ ವೀರಣ್ಣನವರ ಗುಬ್ಬಿಗೆ ಶೋಕಿಯ ಬೆಲೆ ಗೊತ್ತಿಲ್ಲ ಎನ್ನುವಂತಿಲ್ಲ. ಆದರೆ ಕೊಳ್ಳುವವರು ನೋಡಬೇಕಾದದ್ದು ಸೂರನ್ನಲ್ಲ, ನೆಲವನ್ನು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಂತೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಥ ಹಂಪನ್ನು ಯಾವ ಕಾರಾದರೂ ದಾಟುತ್ತದೆ. ಊರೂರಿನಲ್ಲಿ ರಾತ್ರೋರಾತ್ರಿ ಏಳುವ ಹಂಪುಗಳು ಯಾವ ಪುಸ್ತಕವನ್ನೂ ಓದಿದವಲ್ಲ. ಹೆಬ್ಬೂರು ಮೇಲೆ ಕುಣಿಗಲ್ಲಿಗೆ ಹೋಗುವವರು ಹೊಟ್ಟೆ ತಗ್ಗಿನ ಕಾರಿನಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡರೆ ಪ್ರತಿ ಹಂಪಿಗೂ ಒಂದು ಸದ್ದು ಕೇಳಬೇಕಾಗುತ್ತದೆ. ಟೈರಿನ ಮೇಲೆ 225/45 ಎಂದು ಬರೆದಿದ್ದರೆ ರಬ್ಬರಿನ ಎತ್ತರ 225ರ ನೂರಕ್ಕೆ 45, ಅಂದರೆ ಸುಮಾರು 10 ಸೆಂಟಿಮೀಟರ್. ಅಂಚು ಚೂಪಾದ ಹಳ್ಳ ಸಿಕ್ಕರೆ ರಬ್ಬರ್ ಅಮುಕಿ ಚಕ್ರದ ಅಂಚಿಗೇ ಏಟು.

ಹೊಸ ಕಾರಿನ ಪೇಟೆಯಲ್ಲಿ ಎತ್ತು-ಕುದುರೆಯ ಜಗಳ ಬಹುಮಟ್ಟಿಗೆ ತೀರಿತು. ಆಡಿ 2020ರಲ್ಲೇ ಇಲ್ಲಿ ಡೀಸೆಲ್ ಕೈಬಿಟ್ಟಿತು, ಎ3 ಕೂಡ ಆಗಲೇ ಹೋಯಿತು. 2025ರ ಜುಲೈನಲ್ಲಿ ಹೊಸ 2 ಸೀರೀಸ್ ಬಂದಾಗ ಅದಕ್ಕೆ ಒಂದೇ ಇಂಜಿನ್ನು. 1499 ಸಿಸಿ, ಮೂರು ಸಿಲಿಂಡರಿನ ಪೆಟ್ರೋಲ್, 156 ಅಶ್ವಶಕ್ತಿ, 230 ನ್ಯೂಟನ್ ಮೀಟರ್. ಆರಂಭದ ಬೆಲೆ 46 ಲಕ್ಷದ 90 ಸಾವಿರ. ಹಳೇ ಡೀಸೆಲ್ಲಿನ 400ರ ಎಳೆತ ಬೇಕೆನ್ನುವವರು ಎರಡನೇ ಕೈಯಲ್ಲೇ ಹುಡುಕಬೇಕು.

ಹುಡುಕುವವರು ಒಂದು ಭಾನುವಾರ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ, ಸ್ಕ್ಯಾನರ್ ಇರುವ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಎಬ್ಬಿಸಬೇಕು. ಕ್ಯಾತ್ಸಂದ್ರದಿಂದ ದಾಬಸ್‌ಪೇಟೆವರೆಗೆ ಹೆದ್ದಾರಿಯಲ್ಲಿ ಒಂದು ಓಟ. ಜರಡಿಯ ಮಸಿ ಎಷ್ಟಿದೆ, ಎಷ್ಟು ಸಲ ಸುಟ್ಟುಕೊಂಡಿದೆ ಎಂಬುದನ್ನು ಸ್ಕ್ಯಾನರ್ ಹೇಳುತ್ತದೆ. ವಾಪಸು ಬಂದು ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ತಿಂದು, ಬಿಸಿ ಇಂಜಿನ್ನಿನಲ್ಲೇ ಊರೊಳಗಿನ ಟ್ರಾಫಿಕ್ಕಿನಲ್ಲಿ ತೆವಳಿಸಬೇಕು. ಮೊದಲ ಗೇರಿನಿಂದ ಎರಡಕ್ಕೆ ಬೀಳುವಾಗ ಕಾರು ಬೆಚ್ಚಬಾರದು. ಕಡೆಗೆ ಮನೆಯವರನ್ನೆಲ್ಲ ಹತ್ತಿಸಿಕೊಂಡು, ತಮ್ಮ ಬೀದಿಯ ಹಂಪಿನ ಮೇಲೆ ಮೆಲ್ಲಗೆ ಬಿಡಬೇಕು. ಹೊಟ್ಟೆ ತಾಗದೆ ದಾಟಿದರೆ ಬೆಲೆಯ ಮಾತಿಗೆ ಕೂರಬಹುದು.